ಪೈಪಿಗೆ ಸ್ಕ್ಯಾನಿಂಗ್ ಮಾಡುವ ಮಂಜುಳಾ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಮಂಜುಳಾ ತನ್ನ ಕರಿ ಪೆಟ್ಟಿಗೆಯನ್ನು ತೊಡೆ ಮೇಲೇ ಇಟ್ಟುಕೊಳ್ಳುತ್ತಾಳೆ. ಕಂಡಕ್ಟರ್ ಎಷ್ಟು ಹೇಳಿದರೂ ಮೇಲಕ್ಕೆ ಇಡುವುದಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದವರ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿಯದೆ ಯಾರೂ ಇಳಿಯುವುದಿಲ್ಲ.

‘ಏನವ್ವಾ, ಹಾರ್ಮೋನಿಯಮ್ಮೇನು?’

‘ಪೈಪಿಗೆ ಸ್ಕ್ಯಾನಿಂಗ್ ಮಾಡೋ ಮಶೀನ್ ರೀ.’

‘ಎಷ್ಟು ತಿಂಗಳಾಗ್ಯಾವ ಪೈಪಿಗೆ?’

‘ತುಂಬ್ಯಾವ್ರಿ.’

‘ಗಂಡೋ, ಹೆಣ್ಣೋ?’

‘ಹೇಳಿದ್ರ ಜೇಲಿಗೆ ಹಾಕ್ತಾರ್ರಿ.’

ಹಿಂದಿನ ಸೀಟಿನ ತನಕ ನಗು. ಈ ಮಾತುಕತೆ ಅವಳಿಗೆ ಬಾಯಿಪಾಠ. ಆದರೂ ಪ್ರತಿಸಲ ಹೊಸದಾಗಿ ಕೇಳಿದಂತೆ ಉತ್ತರ ಕೊಡುತ್ತಾಳೆ.

ಇವಳು ಮಸರಕಲ್ಲಿನ ಮಾರೆಪ್ಪನ ಮಗಳು. ಮಾರೆಪ್ಪ ನಮ್ಮ ಕೂಲಿಕಾರರ ಸಂಘದಲ್ಲಿದ್ದವನು. ಘೋಷಣೆ ಕೂಗಲು ಅವನಷ್ಟು ದೊಡ್ಡ ಗಂಟಲು ಯಾರಿಗೂ ಇರಲಿಲ್ಲ. ಮೀಟಿಂಗಿಗೆ ಕರೆದರೆ ಮಾತ್ರ ಅವನಷ್ಟು ಜಲ್ದಿ ಕಾಣೆಯಾಗುವವರೂ ಇರಲಿಲ್ಲ. ಮಗಳಿಗೆ ಗಂಟಲು ಬಂದಿದೆ, ಕಾಣೆಯಾಗುವ ಗುಣ ಬಂದಿಲ್ಲ. ರಾಯಚೂರಿನಲ್ಲಿ ಡಿಪ್ಲೊಮಾ ಓದಿ, ಪೈಪುಗಳನ್ನು ಪರೀಕ್ಷಿಸುವ ಒಬ್ಬ ಕಂತ್ರಾಟುದಾರನ ಹತ್ತಿರ ಕೆಲಸಕ್ಕಿದ್ದಾಳೆ. ಒಂದು ದಿನ ಮಾನ್ವಿಯ ಯಾವುದೋ ರೈಸ್ ಮಿಲ್ಲಿನ ಬಾಯ್ಲರ್ ಪೈಪು, ಇನ್ನೊಂದು ದಿನ ಹಳ್ಳಿಗಳ ಕುಡಿಯುವ ನೀರಿನ ಪೈಪು. ಯಾವುದನ್ನೂ ಕೊಯ್ಯುವುದಿಲ್ಲ, ತೂತು ಕೊರೆಯುವುದಿಲ್ಲ. ಮಶೀನಿನ ವೈರಿಗೆ ಜೋಡಿಸಿದ ಎರಡು ಸಣ್ಣ ಲೋಹದ ಗಟ್ಟಿಗಳಿಗೆ ಜೆಲ್ ಹಚ್ಚಿ, ಪೈಪಿನ ಹೊರಮೈಗೆ ಪಟ್ಟಿ ಬಿಗಿದು ಕೂಡಿಸುತ್ತಾಳೆ. ಒಂದು ಗಟ್ಟಿ, ಕಿವಿಗೆ ಕೇಳದ ಸದ್ದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಆಮೇಲೆ ಅದಲು ಬದಲು. ಹಳ್ಳಿಯವರಿಗೆ ಅವಳು ಹೇಳುವುದು ಹೀಗೆ: ‘ಕೃಷ್ಣಾ ಹೊಳ್ಯಾಗ ಹರಿವಿನ ಜೋಡಿ ಈಜಿದ್ರ ಲಗು ಮುಟ್ತೀರಿ, ಎದುರಿಗೆ ಈಜಿದ್ರ ತಡ ಆಗ್ತದ. ಸದ್ದಿಗೂ ಹಂಗೇ. ಹೋಗಾಕ ಬರಾಕ ಎಷ್ಟು ಫರಕಾತು ನೋಡಿದ್ರ ನೀರು ಎಷ್ಟು ಜೋರು ಅದ ಅಂತ ತಿಳೀತದ.’

ಈಗ ಹೋದ ಬೇಸಿಗೆಯ ಮಾತು. ದೇವದುರ್ಗ ತಾಲ್ಲೂಕಿನಲ್ಲಿ ಒಂದೇ ಪೈಪಿನ ನೀರು ಕುಡಿಯುವ ಎರಡು ಊರುಗಳಿವೆ. ಹೆಸರು ಬರೆದರೆ ಎರಡೂ ಊರಿನವರು ನನ್ನ ಮನೆಗೆ ಬರುತ್ತಾರೆ, ಅದಕ್ಕೆ ಮೇಲಿನೂರು, ಕೆಳಗಿನೂರು ಅಂತಲೇ ಇರಲಿ. ನೀರು ಮೊದಲು ಮೇಲಿನೂರಿಗೆ, ಆಮೇಲೆ ಒಂದು ದಿನ್ನೆ ಹತ್ತಿ ಇಳಿದು, ಹಳ್ಳ ದಾಟಿ ಕೆಳಗಿನೂರಿಗೆ. ಆ ಬೇಸಿಗೆ ಕೆಳಗಿನೂರಿನ ಟ್ಯಾಂಕು ತುಂಬುವುದೇ ನಿಂತಿತು. ಮೇಲಿನವರು ಕಳ್ಳ ಪೈಪು ಹಾಕಿ ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದಾರೆ ಎಂದು ಸೂಗಪ್ಪ ಊರೆಲ್ಲ ಹಬ್ಬಿಸಿದ. ಸೂಗಪ್ಪ ಕೆಳಗಿನೂರಿನ ಮುಖಂಡ. ಮಾತಿಗೆ ಮುಂಚೆ ತೋಳು ಏರಿಸುವವನು. ಮೇಲಿನೂರಿನ ಆಚೆಗೆ ಹೋಗಿ ಲೈನನ್ನೇ ಕಡಿದು ಅವರಿಗೂ ನೀರಿಲ್ಲದಂತೆ ಮಾಡುವುದು ಎಂದು ಠರಾವಾಯಿತು. ಮೇಲಿನೂರಿನವರು ದಾರಿ ಕಾಯಲು ಬಡಿಗೆ ಹಿಡಿದು ನಡುವಿನ ದಿನ್ನೆ ಮೇಲೆ ಕೂತರು.

ಹೋರಾಟ ಎಂದರೆ ನನ್ನನ್ನು ಕರೆಯುವುದು ವಾಡಿಕೆ. ಹೋದೆ. ಪೈಪು ಕಡಿದರೆ ಅದು ಜೋಡಣೆಯಾಗುವಷ್ಟರಲ್ಲಿ ಮಳೆಗಾಲ ಬರುತ್ತದೆ, ಎರಡೂ ಊರಿನವರು ಕೊಡ ಹಿಡಿದು ಬಾಯಿ ಬಾಯಿ ಬಿಡುತ್ತೀರಿ, ತಲೆಯೂ ಒಡೆಯುತ್ತದೆ, ಕೇಸೂ ಬೀಳುತ್ತದೆ ಎಂದೆ. ಕೇಳಲಿಲ್ಲ. ಕೊನೆಗೆ, ಕಳ್ಳನನ್ನು ಹಿಡಿಯುವ ಮಶೀನಿದೆ, ಮಾರೆಪ್ಪನ ಮಗಳು ತರುತ್ತಾಳೆ, ಅವಳು ನೋಡಿ ಹೇಳುವ ತನಕ ಗುದ್ದಲಿ ಎತ್ತಬೇಡಿ ಎಂದೆ. ಕಳ್ಳ ಎಂಬ ಮಾತಿಗೆ ಒಪ್ಪಿದರು.

ಮಂಜುಳಾ ಬಂದವಳು ಮೊದಲು ಮೇಲಿನೂರು ದಾಟಿದ ಜಾಗದಲ್ಲಿ ಪೈಪು ನೋಡಿದಳು. ನೀರು ಹೋಗುತ್ತಿತ್ತು, ಆದರೆ ತೀರಾ ಕಮ್ಮಿ. ಆಮೇಲೆ ಕೆಳಗಿನೂರಿನ ಹಳ್ಳಕ್ಕೆ ಬಂದಳು. ಅಲ್ಲಿ ಪೈಪು ನೆಲದಿಂದ ಮೇಲೆದ್ದು ಕಂಬಗಳ ಮೇಲೆ ದಾಟುತ್ತದೆ. ಊರಿಗೆ ಮೊದಲ ಸಲ ನೀರು ಬಂದಾಗ ಹೆಂಗಸರು ಅಲ್ಲೇ ಅದಕ್ಕೆ ಉಡಿ ತುಂಬಿದ್ದರು. ಅಂದಿನಿಂದ ಅದು ಪೈಪಲ್ಲ, ಗಂಗವ್ವ. ಹಬ್ಬ ಬಂದರೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಎಣ್ಣೆ, ಅರಿಷಿಣ. ಹಚ್ಚುವುದು ಊರಿನ ಹಿರಿಯ ಹೆಂಗಸು ಹಣಮಮ್ಮನ ಹಕ್ಕು. ಬೇರೆಯವರು ಕೈ ಹಚ್ಚಿದರೆ ಆಯಮ್ಮ ಕೈ ಮುರಿಯುತ್ತಾಳೆ.

ಮಂಜುಳಾ ಸುಣ್ಣದ ಮೇಲೇ ಗಟ್ಟಿ ಕೂಡಿಸಿ ಪಟ್ಟಿ ಬಿಗಿದಳು. ಮಶೀನಿನ ಪರದೆಯ ಮೇಲೆ ಸೊನ್ನೆ.

‘ಇಲ್ಲಿ ನೀರೇ ಇಲ್ಲ’ ಎಂದಳು, ಅಪ್ಪನ ಗಂಟಲಿನಲ್ಲಿ.

ಹಳ್ಳದ ಆಚೆ ದಂಡೆಗೂ ಕೇಳಿತು. ‘ಕೇಳಿದ್ರೇನು’ ಎಂದ ಸೂಗಪ್ಪ, ‘ಅಲ್ಲಿ ಅದ, ಇಲ್ಲಿ ಇಲ್ಲ. ನಡುವ ಕುಡದವರು ಯಾರು? ನಡೀರಿ ದಿನ್ನಿಗೆ.’ ಗುದ್ದಲಿಗಳು ಹೆಗಲೇರಿದವು.

ಮಂಜುಳಾ ಇನ್ನೊಮ್ಮೆ ಪರದೆ ನೋಡಿದಳು. ಮುಖ ಸಣ್ಣದಾಯಿತು. ನೀರು ಸುಮ್ಮನೆ ನಿಂತಿದ್ದರೂ ಸದ್ದು ಆಚೆ ದಾಟಬೇಕು. ಇಲ್ಲಿ ಸದ್ದೇ ದಾಟಿರಲಿಲ್ಲ.

ಓಡಿಹೋಗಿ ಸೂಗಪ್ಪನ ಮುಂದೆ ಅಡ್ಡ ನಿಂತಳು. ‘ಯಪ್ಪಾ, ನಿಂದ್ರಿ. ನಾ ತಪ್ಪು ಹೇಳೀನಿ. ಮಶೀನು ನೀರಿನ ತನಕ ಹೋಗೇ ಇಲ್ಲ, ಸುಣ್ಣದಾಗೇ ಸಿಗಬಿದ್ದದ. ಸುಣ್ಣ ಕೆರದು ಮತ್ತ ನೋಡಬೇಕು.’

‘ನಿನ್ನ ಮಾತು ಗಳಿಗಿಗೊಂದು ಆಗಾಕತ್ತದಲ್ಲವ್ವಾ.’

‘ಒಂದು ಸಲ ತಪ್ಪಿದ್ರ ತಿದ್ದಬಹುದು. ಪೈಪು ಕಡದ ಮ್ಯಾಲ ಏನ್ ತಿದ್ದತೀರಿ?’

ಸೂಗಪ್ಪ ನಿಂತ. ಆದರೆ ಈಗ ಹಣಮಮ್ಮ ಎದ್ದಳು. ‘ಕೆರೀತೀಯಾ? ನಮ್ಮವ್ವನ ಚರ್ಮ ಸುಲಿಯಾಕ ಬಂದೀಯೇನು ರಾಯಚೂರಿಂದ?’

‘ಯವ್ವಾ, ನಿಮ್ಮ ಗಂಗವ್ವಗ ನೀವು ಎಂದರ ಮೈ ತೊಳದೀರೇನು? ಹಬ್ಬಕ್ಕೊಂದು ಸೀರಿ ಉಡಸ್ತೀರಿ, ಹಳೇದು ಬಿಚ್ಚಂಗಿಲ್ಲ. ಒಳಗ ಎಷ್ಟು ತುರಸಾಕತ್ತಿರಬೇಕು ಆಕಿಗೆ.’

ಹೆಂಗಸರು ಕಿಸಕ್ಕನೆ ನಕ್ಕರು. ಹಣಮಮ್ಮ ನಗಲಿಲ್ಲ, ಲೆಕ್ಕ ಹಾಕಿದಳು. ಇದು ಸುಲಿಯುವ ಮಾತಲ್ಲ, ನೀರು ಎರೆಯುವ ಮಾತು ಎಂದಾದರೆ ಅಧಿಕಾರ ತನ್ನದೇ. ‘ನೀ ಮುಟ್ಟಬ್ಯಾಡ. ನಾ ಎರೀತೀನಿ’ ಎಂದಳು. ಕುಡಿಯಲು ಗತಿಯಿಲ್ಲದ ಊರಿನಲ್ಲಿ ಯಾರ್ಯಾರ ಮನೆಯಿಂದಲೋ ಬಿಸಿನೀರು ಬಂತು, ಹುಣಸೆಹಣ್ಣು ಬಂತು, ತೆಂಗಿನ ನಾರು ಬಂತು. ಸೋಬಾನೆ ಪದ ಹಾಡುತ್ತ ಒಂದು ಕಬ್ಬಿಣದ ಪೈಪಿಗೆ ಬಾಣಂತಿಗೆ ಎರೆದಂತೆ ಎರೆದರು. ಬಹಳ ವರ್ಷ ಬಹಳ ಬಗೆಯ ಚಳವಳಿ ನೋಡಿದ್ದೇನೆ, ಇಂಥದ್ದು ನೋಡಿರಲಿಲ್ಲ. ಪದರು ಪದರಾಗಿ ಸುಣ್ಣ ಉದುರಿ ಕರೀ ಕಬ್ಬಿಣ ಕಂಡಿತು. ಹಣಮಮ್ಮ ಸೆರಗಿನಿಂದ ಒರೆಸಿದಳು.

ಈ ಸಲ ಸದ್ದು ದಾಟಿತು. ಮಂಜುಳಾ ಬಾಯಿ ತೆರೆಯಲಿಲ್ಲ. ಗಟ್ಟಿ ಸರಿಸಿ ಇನ್ನೊಂದು ಕಡೆ ನೋಡಿದಳು, ಮತ್ತೊಂದು ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಮ್ಯಾಲಿನೂರಿಂದ ಎಷ್ಟು ಬಿಟ್ಟಾರೋ ಅಷ್ಟೇ ಇಲ್ಲಿಗೆ ಬಂದದ. ನಡುವ ಯಾರೂ ಕದ್ದಿಲ್ಲ. ಆದ್ರ ಸದ್ದು ನಡುನಡುವ ತುಂಡಾಗ್ತದ. ನೀರಿನ ಜೋಡಿ ಗಾಳಿ ಸೇರ್ಯದ, ಗುಳ್ಳಿಗೆ ಬಡದು ಸದ್ದು ಚದರಾಕತ್ತದ. ಎಲ್ಲೋ ಎತ್ತರದಾಗ ಗಾಳಿ ಸಿಕ್ಕೊಂಡು ನೀರಿಗೆ ಅಡ್ಡ ಕುಂತದ. ದಿನ್ನಿ ಮ್ಯಾಲ ಗಾಳಿ ಬಿಡೋ ವಾಲ್ವ್ ಇರಬೇಕಲ್ಲ?’

ಕೆಲವರು ಸೂಗಪ್ಪನ ಕಡೆ ನೋಡಿದರು. ಸೂಗಪ್ಪ ಹಳ್ಳದ ಕಡೆ ನೋಡಿದ.

‘ಅದು ಬುಸ್ ಬುಸ್ ಅಂತಿತ್ತು’ ಎಂದಳು ಹಣಮಮ್ಮ. ‘ಗಂಗವ್ವ ಉಸರಾಡ್ತಾಳ ಅಂತ ಮೊನ್ನಿ ಶಿವರಾತ್ರಿಗೆ ಈತನೇ ಮುಂದ ನಿಂತು ಅದರ ಮ್ಯಾಲ ಗುಡಿ ಕಟ್ಟಿಸ್ಯಾನ.’

ದಿನ್ನೆ ಹತ್ತಿದೆವು. ಬಡಿಗೆ ಹಿಡಿದ ಮೇಲಿನೂರಿನವರು ಎದ್ದು ನಿಂತರು. ‘ಕಡಿಯಾಕ ಬಂದಿಲ್ಲ, ಉಸರು ಬಿಡಸಾಕ ಬಂದೀವಿ’ ಎಂದು ಮಂಜುಳಾ ದೂರದಿಂದಲೇ ಕೂಗಿದಳು. ಈಗ ಆ ಗಂಟಲು ಉಪಯೋಗಕ್ಕೆ ಬಂತು. ಮೊಣಕಾಲೆತ್ತರದ ಸಿಮೆಂಟಿನ ಗುಡಿ, ಮೂರ್ತಿಯ ಕೆಳಗೆ ಗಟ್ಟಿ ಗಾರೆ, ಗಾರೆಯ ಅಡಿಯಲ್ಲಿ ವಾಲ್ವು. ಹಣಮಮ್ಮ ಮೂರ್ತಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಗಾರೆ ಒಡೆಯಲು ಸೂಗಪ್ಪ ಬೇರೆಯವರಿಗೆ ಬಿಡಲಿಲ್ಲ. ಕಟ್ಟಿಸಿದವನು ತಾನು, ತಾನೇ ಒಡೆಯಬೇಕಂತೆ. ಗಾರೆ ಒಡೆದು ಮಂಜುಳಾ ವಾಲ್ವಿನ ಬಾಯಿ ಕಿತ್ತಿದ್ದೇ ತಡ, ಗಾಳಿ ಶಿಳ್ಳೆ ಹೊಡೆಯುತ್ತ ಹೊರಬಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತು ಹೊಡೆಯಿತು. ಮೇಲಿನೂರಿನವರು ಬಡಿಗೆ ಕೆಳಗಿಟ್ಟು ಕಿವಿ ಮುಚ್ಚಿಕೊಂಡರು.

‘ನಮ್ಮನ್ನ ಕಳ್ಳರು ಅಂದ್ಯಲ್ಲೋ ಸೂಗಪ್ಪ’ ಎಂದ ಅವರಲ್ಲೊಬ್ಬ ಮುದುಕ.

‘ಅಂದೆ. ಈಗ ಏನ್ ಕಾಲಿಗೆ ಬೀಳಬೇಕೇನು?’

‘ಕಾಲಿಗೆ ಬ್ಯಾಡ. ಆ ಗಾರಿ ತುಂಡು ಎತ್ತಿ ಒಗಿ, ನಮ್ಮ ದನದ ಕಾಲಿಗೆ ಚುಚ್ಚತಾವ.’

ಸೂಗಪ್ಪ ಬಗ್ಗಿ ಆರಿಸತೊಡಗಿದ. ಗುಡಿಯನ್ನು ಪಕ್ಕಕ್ಕೆ ಸರಿಸಿ ಕಟ್ಟಬೇಕೆಂದು ಎರಡೂ ಊರಿನವರು ಒಪ್ಪಿದರು. ಎಡಕ್ಕೋ ಬಲಕ್ಕೋ ಎಂಬಲ್ಲಿ ಮತ್ತೆ ಜಗಳ ಶುರುವಾಯಿತು. ಅದು ಒಳ್ಳೆಯ ಜಗಳ, ನಾನು ಬಾಯಿ ಹಾಕಲಿಲ್ಲ. ನಾನು ದಿನ್ನೆ ಇಳಿದು ಬರುವಷ್ಟರಲ್ಲಿ ಮಂಜುಳಾ ಕೆಳಗಿನೂರಿನ ಟ್ಯಾಂಕಿಗೆ ಹೋಗುವ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಣಮಮ್ಮ ಪಕ್ಕದಲ್ಲಿ ನಿಂತು ಪರದೆ ಇಣುಕುತ್ತಿದ್ದಳು.

‘ಬರಾಕತ್ತಾಳೇನು?’

‘ನೀವ ಮ್ಯಾಲ ಹತ್ತಿ ನೋಡ್ರಿ ಯವ್ವಾ. ಈ ಸಲ ನಾ ಮೊದಲ ಬಾಯಿ ಬಿಡಂಗಿಲ್ಲ.’

ಹಣಮಮ್ಮ ಕಚ್ಚೆ ಬಿಗಿದು ಟ್ಯಾಂಕಿನ ಏಣಿ ಹತ್ತಿದಳು. ಮೊದಲು ಕೆಮ್ಮಿದ ಸದ್ದು, ಆಮೇಲೆ ಕೆಸರು, ಆಮೇಲೆ ನೀರು. ಮೇಲಿಂದಲೇ ಅವಳು ಊರಿನ ಹೆಂಗಸರ ಹೆಸರು ಒಂದೊಂದಾಗಿ ಹಿಡಿದು, ಕೊಡ ತರ್ರೆವ್ವಾ ಎಂದು ಕರೆಯತೊಡಗಿದಳು.