ಗುಂಡು ಬಿದ್ದಾಗಲೆಲ್ಲ ಅಪ್ಪ ಬಿದ್ದಂತೆ

ಎಂಬತ್ತೊಂದರ ಬೇಸಿಗೆಯಲ್ಲಿ ನಮ್ಮಪ್ಪ ದಂಡಿನಶಿವರದ ತೋಟದಲ್ಲಿ ತೆಂಗಿನಮರದಿಂದ ಬಿದ್ದರು. ಮರುದಿನವೇ ತಿಪಟೂರಿನಲ್ಲಿ ನನಗೆ ಪಿಯುಸಿಯ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆ. ವೀರಭದ್ರಸ್ವಾಮಿಯನ್ನು ನಂಬಿದ ನಿಮ್ಮೆಲ್ಲರಿಗೂ ಅಂದು ನಡೆದದ್ದನ್ನು ಹೇಳಲೇಬೇಕು.

ಅಪ್ಪನನ್ನು ಕಾಯಿ ಲಾರಿಯಲ್ಲಿ ಮಲಗಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ತಂದೆವು. ಮೈಮೇಲೆ ಅಷ್ಟೇನೂ ಗಾಯವಿರಲಿಲ್ಲ, ಆದರೆ ಪ್ರಜ್ಞೆಯೇ ಇರಲಿಲ್ಲ. "ತಲೆಗೆ ಪೆಟ್ಟಾಗಿದೆ. ಈಗ್ಲೇ ಏನೂ ಹೇಳಕ್ಕಾಗಲ್ಲ," ಎಂದರು ಡಾಕ್ಟರು. ಬೆಳಗಾದರೂ ಅಪ್ಪ ಕಣ್ಣು ಬಿಡಲಿಲ್ಲ. ಪರೀಕ್ಷೆಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ.

"ನೀನಿಲ್ಲಿ ಕುಂತ್ರೆ ಅವ್ರು ಎದ್ದು ಕುಂತ್ಕತಾರೇನೇ? ಹೋಗು, ಸ್ವಾಮಿ ಅವ್ನೆ ಕಣೇ," ಎಂದು ಅವ್ವ ಕಳಿಸಿಬಿಟ್ಟಳು.

ಲ್ಯಾಬಿನಲ್ಲಿ ಚೀಟಿ ಎತ್ತಿದೆ. ಮೇಲಿನಿಂದ ಬೀಳುವ ಗುಂಡಿನ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ! ಸ್ವಿಚ್ ಒತ್ತಿದರೆ ವಿದ್ಯುತ್ ಕಾಂತ ಕಬ್ಬಿಣದ ಗುಂಡನ್ನು ಬಿಟ್ಟುಬಿಡುತ್ತಿತ್ತು, ಜೊತೆಗೇ ಗಡಿಯಾರ ಓಡತೊಡಗುತ್ತಿತ್ತು. ಅದು ತಟ್ಟೆಗೆ ಬಡಿದೊಡನೆ ಗಡಿಯಾರ ನಿಲ್ಲುತ್ತಿತ್ತು. ಠಪ್ಪೆಂದಾಗಲೆಲ್ಲ ಅಪ್ಪನೇ ಬಿದ್ದಂತಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಎತ್ತರವನ್ನು ಕಾಲದ ವರ್ಗದಿಂದ ಭಾಗಿಸಿದೆ. 4.87 ಬಂತು. ಬರಬೇಕಾದದ್ದು 9.8ರ ಆಸುಪಾಸು. ಮತ್ತೆ ಭಾಗಿಸಿದೆ, ಅದೇ. ಅಷ್ಟರಲ್ಲಿ ಹೊರಗೆ ಯಾರೋ ಓಡಿದ ಸದ್ದಾಯಿತು. ಆಸ್ಪತ್ರೆಯಿಂದ ನನ್ನನ್ನು ಕರೆಯಲು ಬಂದರೆಂದೇ ತಿಳಿದು ಬಾಗಿಲ ಕಡೆ ತಿರುಗಿದೆ. ಯಾರೂ ಒಳಗೆ ಬರಲಿಲ್ಲ. ಮೇಜು ಹಿಡಿದು ನಿಂತು ಬೇಡಿಕೊಂಡೆ: "ಸ್ವಾಮಿ, ಪರೀಕ್ಷೆ ಹೋದ್ರೆ ಹೋಗ್ಲಿ. ಅಪ್ಪನ್ನ ಉಳಿಸ್ಕೊಡು."

"ಏನಮ್ಮಾ, ಹುಷಾರಿಲ್ವಾ?" ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕದಲ್ಲಿದ್ದರು. ಅಳುತ್ತಲೇ ಎಲ್ಲ ಹೇಳಿದೆ. ಅವರು ನೀರು ತರಿಸಿ ಕುಡಿಸಿದರು. "ಕೂತ್ಕೊಂಡು ಸೂತ್ರದಿಂದ ಶುರು ಮಾಡು. ಮುಗಿದ ಕೂಡ್ಲೆ ಮೊದ್ಲು ನಿನ್ನನ್ನೇ ಕಳಿಸ್ತೀನಿ."

ಸೂತ್ರ ಬರೆದೆ. ನಿಂತಲ್ಲಿಂದ ಬೀಳುವ ವಸ್ತುವಿಗೆ, ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಎತ್ತರ. ಆ ಅರ್ಧವನ್ನೇ ನಾನು ಬಿಟ್ಟಿದ್ದೆ! ಎತ್ತರವನ್ನು ಎರಡರಿಂದ ಗುಣಿಸಿ ಆಮೇಲೆ ಭಾಗಿಸಿದೆ. 9.74.

ಆಸ್ಪತ್ರೆಗೆ ಓಡಿದೆ. ಜಗಲಿಯಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ನನ್ನ ಕಾಲು ಅಲ್ಲೇ ನಿಂತುಹೋಯಿತು.

"ಕಣ್ ಬುಟ್ರು ಕಣೇ! ನೀರ್ ಕೇಳುದ್ರು!"

ಒಳಗೆ ಹೋದೆ. ಅಪ್ಪ ಕ್ಷೀಣವಾಗಿ, "ಇವತ್ತು ಪರೀಕ್ಷೆ ಅಲ್ವೇನವ್ವಾ? ಯಾಕ್ ಬಂದೆ?" ಎಂದರು.

ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಯವರೆಲ್ಲ ಬಸ್ಸಿನಲ್ಲಿ ಸ್ವಾಮಿಯ ಗುಡಿಗೆ ಹೋದೆವು. ಅಪ್ಪ ಯಾರ ಹೆಗಲನ್ನೂ ಹಿಡಿಯದೆ ನಿಂತು ಮಂಗಳಾರತಿ ತೆಗೆದುಕೊಂಡರು. ಭಯ ಆಮೇಲೂ ಎಷ್ಟೋ ಸಲ ಬಂದಿದೆ. ಆದರೆ ಕೂಗಿದರೆ ಕೇಳುವವನಿದ್ದಾನೆ ಎಂಬುದರಲ್ಲಿ ನನಗೆ ಮತ್ತೆಂದೂ ಅನುಮಾನ ಬಂದಿಲ್ಲ.