ಹೆಜ್ಜಾರ್ಲೆಗಳ ಬಲೆ

ಬಂಟ್ವಾಳದ ಬಳಿ ನೇತ್ರಾವತಿಯನ್ನು ದಾಟುತ್ತಿದ್ದೆವು. ದೋಣಿ ನಡುಹೊಳೆಗೆ ಬಂದಾಗ ಅಂಬಿಗ ಮೋನಪ್ಪಣ್ಣ ಹುಟ್ಟು ಮೇಲೆತ್ತಿ ಸುಮ್ಮನೆ ಕೂತರು. ನಾವು ಇಳಿಯಬೇಕಾದ ದಡದ ಬಳಿ ಎಂಟು ಬಿಳಿ ಹೆಜ್ಜಾರ್ಲೆಗಳು ಅರ್ಧಚಂದ್ರದಂತೆ ಸಾಲುಗಟ್ಟಿ, ರೆಕ್ಕೆ ಬಡಿಯುತ್ತ ಮೀನುಗಳನ್ನು ಆಳವಿಲ್ಲದ ನೀರಿಗೆ ಅಟ್ಟುತ್ತಿದ್ದವು. ನಮ್ಮ ಮೈಸೂರಿನ ಕೆರೆಗಳಲ್ಲಿ ಬೂದು ಬಣ್ಣದವನ್ನು ಬೇಕಾದಷ್ಟು ನೋಡಿದ್ದೇನೆ. ಕೊಕ್ಕಿನಡಿ ಹಳದಿ ಚೀಲವಿರುವ ಈ ಬಿಳಿ ಹಕ್ಕಿಯನ್ನು ನೋಡಿದ್ದು ಇದೇ ಮೊದಲು.

“ಹೋಗುವ ಮೋನಪ್ಪಣ್ಣ. ಮದುಮಗಳ ರವಿಕೆ ಕೊಡ್ಲಿಕ್ಕುಂಟು,” ಎಂದರು ಪಕ್ಕದಲ್ಲಿದ್ದ ಸುನಂದಕ್ಕ. ಅವರದು ಮಡಂತ್ಯಾರಿನಲ್ಲಿ ಹೊಲಿಗೆ ಅಂಗಡಿ.

“ಒಬ್ಬರು ಬಲೆ ಹಾಕಿದಲ್ಲಿ ದೋಣಿ ನುಗ್ಗಿಸ್ಲಿಕ್ಕಿಲ್ಲ ಅಕ್ಕ. ಇವು ಹಾಕಿದ್ದೂ ಬಲೆಯೇ ಅಲ್ವಾ?”

ಎಂಟೂ ಕೊಕ್ಕುಗಳು ಒಮ್ಮೆಗೇ ನೀರಿಗಿಳಿದವು. ಮೀನನ್ನು ಆ ಚೀಲದಲ್ಲಿ ತುಂಬಿಟ್ಟುಕೊಳ್ಳುತ್ತವೆ ಎಂದು ನಾನು ಗೊತ್ತಿದ್ದವನಂತೆ ಹೇಳಿದೆ.

“ಇಲ್ಲ ಸಾರ್,” ಎಂದರು ಮೋನಪ್ಪಣ್ಣ. “ಮೂರು ದಿನದಿಂದ ನೋಡ್ತಾ ಇದ್ದೇನೆ. ಮೊದಲು ನೀರು ಬಿಡ್ತದೆ, ಮತ್ತೆ ನುಂಗ್ತದೆ.”

ಹಾಗೆಯೇ ಆಯಿತು. ಹಕ್ಕಿಗಳು ಕೊಕ್ಕನ್ನು ಎದೆಗೊತ್ತಿ ನೀರು ಬಸಿದು, ಆಮೇಲೆ ತಲೆಯೆತ್ತಿ ನುಂಗಿದವು. ಅಷ್ಟರಲ್ಲಿ ದಡದ ಮೇಲಿನ ರಸ್ತೆಯಲ್ಲಿ ನನ್ನ ಮೂಡುಬಿದಿರೆ ಬಸ್ಸು ಹೊರಟುಹೋಯಿತು. ಬೇಸರವಾಗಲಿಲ್ಲ, ದೋಣಿ ನಿಲ್ಲಿಸಿ ತೋರಿಸಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಸಾಲು ಚದುರಿದ ಮೇಲೆಯೇ ಹುಟ್ಟು ನೀರಿಗಿಳಿಯಿತು. ದಡ ಹತ್ತುತ್ತಿದ್ದಂತೆ ಮದುಮಗಳ ಮನೆಯಿಂದ ಸುನಂದಕ್ಕನಿಗೆ ಫೋನು ಬಂತು.

“ಬಂದೆ, ಬಂದೆ. ಸ್ವಲ್ಪ ತಡ ಆಯ್ತು,” ಎಂದವರು ಒಮ್ಮೆ ಹಿಂದಿರುಗಿ ಹಕ್ಕಿಗಳನ್ನು ನೋಡಿದರು. “ಹೊಳೆಯಲ್ಲಿ ಬಲೆ ಹಾಕಿದ್ರು.”