ಆವನಿಯಿಂದ ತಂದ ಸೊಪ್ಪಿನ ಮೂಟೆ

ವಕ್ಕಲೇರಿಯಲ್ಲಿ ಬಸ್ಸು ಹತ್ತುವಾಗ ಮಳೆ ನಿಂತಿತ್ತು, ಮೋಡ ಮಾತ್ರ ಕದಲಿರಲಿಲ್ಲ. ಆಧಾರ್ ತೋರಿಸಿ ಹೆಂಗಸರ ಟಿಕೆಟ್ ತೆಗೆದುಕೊಂಡು ಕಿಟಕಿಯ ಪಕ್ಕ ಕುಳಿತೆ. ಕೋಲಾರ ಬರುವವರೆಗೂ ಹೊರಗೆ ಏನು ಕಂಡೆನೋ ನೆನಪಿಲ್ಲ. ಕೊಟ್ಟಿಗೆಯಲ್ಲಿ ಬಿಟ್ಟುಬಂದ ಕೆಂಪಿಯೇ ಕಣ್ಣ ಮುಂದೆ ಇತ್ತು.

ಕೆಂಪಿ ನಮ್ಮ ಗಬ್ಬದ ಕುರಿ. ಈ ಸಲದ ಮಳೆಗೆ ನಮ್ಮ ಕುರಿಗಳಿಗೆಲ್ಲ ಜಂತುಹುಳ ಹತ್ತಿತ್ತು. ಯಾವಾಗಲೂ ಕುಡಿಸುವ ಔಷಧಿಯನ್ನೇ ಕುಡಿಸಿದೆವು, ಹುಳ ಬಗ್ಗಲಿಲ್ಲ. ಎರಡು ಕುರಿ ಸತ್ತವು. ಆಮೇಲೆ ಕೆಂಪಿಯ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿತ್ತು. ಆವನಿ ಹತ್ತಿರದ ಹಳ್ಳಿಗೆ ಕೊಟ್ಟಿರುವ ನನ್ನ ಚಿಕ್ಕಮ್ಮನ ಮಗಳು ಮುನಿರತ್ನ ತನ್ನ ಕುರಿಗಳಿಗೆ ಸೊಪ್ಪು, ಕಾಯಿಗಳ ಮೇವು ಹಾಕಿ ಹುಳದ ಕಾಟ ತಗ್ಗಿಸಿದ್ದಾಳೆ ಎಂದು ಕೇಳಿದ್ದೆ. ಅದನ್ನು ತರಲೆಂದೇ ಈ ಪ್ರಯಾಣ. "ಆ ಔಷಧಿ ಸಾವಾಸ ಸಾಕು. ಸೊಪ್ಪು ಬರ್ಲಿ, ನೋಡಾಣ" ಎಂದಿದ್ದರು ನಮ್ಮ ಯಜಮಾನರು. ನನಗೂ ಅದೇ ಸರಿ ಅನ್ನಿಸಿತ್ತು.

ಕೋಲಾರದಲ್ಲಿ ಬಸ್ಸು ಬದಲಿಸಿ ಮುಳಬಾಗಿಲಿಗೆ ಬಂದೆ. ಹೋಟೆಲಿನಲ್ಲಿ ತುಪ್ಪ ಸುರಿದ ದೋಸೆ ಎದುರಿಗಿತ್ತು. ಎರಡು ತುತ್ತು ತಿನ್ನುವಷ್ಟರಲ್ಲಿ ಯಜಮಾನರ ಫೋನು ಬಂತು.

"ಏನೇ, ಇವತ್ತು ನೀರೂ ಮುಟ್ಟಿಲ್ಲ ಕಣೇ. ಮಲಗಿದ್ದು ಎದ್ದಿಲ್ಲ."

"ಇನ್ನೇನು ಸೊಪ್ಪು ತಗೊಂಡು ಬಂದುಬಿಡ್ತೀನಿ ಕಣ್ರೀ" ಎಂದೆ. ದೋಸೆ ಹಾಗೇ ಬಿಟ್ಟು ಎದ್ದೆ.

ಆವನಿಯವರೆಗೆ ಶೇರ್ ಆಟೋ. ಅಲ್ಲಿಂದ ಮುನಿರತ್ನಳ ಮನೆಗೆ ಕೆಸರು ದಾರಿಯಲ್ಲಿ ನಡಿಗೆ. ಬಂಡೆಗಳ ಮೇಲಿನಿಂದ ಮಳೆನೀರು ಇನ್ನೂ ಇಳಿಯುತ್ತಿತ್ತು. ಕೊಟ್ಟಿಗೆಯ ಮುಂದೆ ಎತ್ತರಕ್ಕೆ ಹಗ್ಗ ಕಟ್ಟಿ ಹಲಸಿನ ಸೊಪ್ಪನ್ನು ನೇತುಹಾಕಿದ್ದಳು. ಕುರಿಗಳು ಕತ್ತು ಚಾಚಿ ಎಳೆದು ತಿನ್ನುತ್ತಿದ್ದವು.

"ರಾ ಅಕ್ಕಾ, ಕೂತ್ಕೋ" ಎಂದು ತೆಲುಗು ಬೆರೆಸಿ ಕರೆದಳು. ನಾನು ಕೂರಲಿಲ್ಲ.

ಒಣಗಿಸಿ ಕುಟ್ಟಿದ ಕರಿಜಾಲಿ ಕಾಯಿಯನ್ನು ತೋರಿಸಿದಳು. ಅದರ ಒಗರಿಗೆ ಹೊಟ್ಟೆಯ ಹುಳ ಸೊರಗುತ್ತವೆ, ಆದರೆ ಅತಿಯಾದರೆ ಕುರಿ ಮೇವನ್ನೇ ಬಿಡುತ್ತದೆ, ಬೂಸಾದಲ್ಲಿ ಸ್ವಲ್ಪವೇ ಬೆರೆಸಬೇಕು ಎಂದಳು. ಸೊಪ್ಪನ್ನು ಎತ್ತರದಲ್ಲಿ ಕಟ್ಟಿದರೆ ಒದ್ದೆ ಹುಲ್ಲಿನ ಬುಡದಲ್ಲಿರುವ ಹುಳದ ಮರಿಗಳೂ ಬಾಯಿಗೆ ಹೋಗುವುದಿಲ್ಲವಂತೆ. ನಾನು ಕೆಂಪಿಯ ವಿಷಯ ಹೇಳಿದೆ. ಮೂಟೆ ತುಂಬುತ್ತಿದ್ದ ಅವಳ ಕೈ ನಿಂತಿತು.

"ದವಡೆ ಊದೈತಾ? ಮತ್ತೆ ಇಲ್ಲಿಗ್ಯಾಕೆ ಬಂದೆ? ಇದು ಓಡಾಡೋ ಕುರಿಗೆ ಅಕ್ಕಾ, ಮಲಗಿರೋದಕ್ಕಲ್ಲ. ಹೋದ್ವರ್ಷ ನಾನೂ ಸೊಪ್ಪೊಂದನ್ನೇ ನಂಬ್ಕೊಂಡು ಒಂದು ಕುರಿ ಕಳ್ಕೊಂಡೆ. ರಕ್ತ ಎಲ್ಲಾ ಹುಳ ಕುಡಿದಿರ್ತವೆ. ಡಾಕ್ಟ್ರಿಗೆ ತೋರ್ಸಿ, ಬೇರೆ ಔಷಧಿ ಕೊಡ್ತಾರೆ. ಈಗ್ಲೇ ಫೋನ್ ಮಾಡು!"

ಮಾಡಿದೆ. ಯಜಮಾನರು ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತುಹೋಯಿತು.

ಒಂದು ಮೂಟೆಯಲ್ಲಿ ಕಾಯಿಪುಡಿ, ಅದರ ಮೇಲೆ ಒಂದು ಹೊರೆ ಹಲಸಿನ ಸೊಪ್ಪು ಕಟ್ಟಿ ಅವಳ ಗಂಡ ಬೈಕಿನಲ್ಲಿ ನನ್ನನ್ನು ಮುಳಬಾಗಿಲಿಗೆ ಬಿಟ್ಟ. ಕೋಲಾರದ ಬಸ್ಸಿನಲ್ಲಿ ಕಂಡಕ್ಟರು "ಏನಮ್ಮಾ, ತೋಟಾನೇ ಹೊತ್ಕೊಂಡು ಬಂದಿದ್ದೀಯಾ?" ಎಂದ. ನಗಲು ಆಗಲಿಲ್ಲ. ಹೆದ್ದಾರಿಯುದ್ದಕ್ಕೂ ಫೋನನ್ನು ಅಂಗೈಯಲ್ಲೇ ಹಿಡಿದಿದ್ದೆ. ಕುರಿ ಸತ್ತಿದೆ, ಹೇಳಲಾರದೆ ಅವರು ಎತ್ತುತ್ತಿಲ್ಲ ಎಂದೇ ಮನಸ್ಸು ಹೇಳುತ್ತಿತ್ತು.

ಕೋಲಾರ ಸಮೀಪಿಸುವಾಗ ಫೋನು ಬಂತು.

"ಆಟೋ ಸದ್ದಿನಲ್ಲಿ ಕೇಳಿಸ್ಲಿಲ್ಲ ಕಣೇ. ನನ್ ಕೈಲಿ ನೋಡಕ್ಕಾಗ್ಲಿಲ್ಲ. ಕೆಂಪೀನ ಎತ್ಕೊಂಡು ಕೋಲಾರದ ಆಸ್ಪತ್ರೆಗೆ ಬಂದ್ಬಿಟ್ಟೆ. ಸೊಪ್ಪು ಬರೋವರ್ಗೂ ಕಾಯ್ಲಿಲ್ಲ ಅಂತ ಬೇಜಾರಾ?"

"ಅಲ್ಲೇ ಇರ್ರೀ, ಬಂದೆ" ಎಂದಷ್ಟೇ ಹೇಳಿದೆ.

ಪಶು ಆಸ್ಪತ್ರೆಯಲ್ಲಿ ಡಾಕ್ಟರು ಬೇರೆ ಔಷಧಿ ಕುಡಿಸಿ, ಇಂಜೆಕ್ಷನ್ ಕೊಟ್ಟಿದ್ದರು. "ತಾಯಿ ಉಳೀಬಹುದು. ಮರಿ ಬಗ್ಗೆ ಏನೂ ಹೇಳಕ್ಕಾಗಲ್ಲ. ಮೂಟೇಲಿರೋದನ್ನ ಉಳಿದ ಕುರಿಗಳಿಗೆ ಹಾಕಿ, ಒಳ್ಳೇದೇ" ಎಂದರು. ಗೂಡ್ಸ್ ಆಟೋದ ಹಿಂದೆ ಕೆಂಪಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ದಾರಿಯಲ್ಲಿ ಮತ್ತೆ ಮಳೆ ಹಿಡಿಯಿತು. ಯಜಮಾನರು ಟಾರ್ಪಾಲಿನ ತುದಿಯನ್ನು ನಮ್ಮಿಬ್ಬರ ಮೇಲೆ ಹಿಡಿದೇ ಇದ್ದರು.

ಮನೆ ಸೇರಿದಾಗ ಹೊತ್ತು ಮುಳುಗುತ್ತಿತ್ತು. ಸೊಪ್ಪನ್ನು ಕಟ್ಟಿದ ಕೂಡಲೇ ಉಳಿದ ಕುರಿಗಳು ಮುನ್ನುಗ್ಗಿದವು. ಕೆಂಪಿ ಮೂಸಿಯೂ ನೋಡಲಿಲ್ಲ.

ಆ ವಾರದಲ್ಲೇ ಅದು ಸತ್ತ ಮರಿ ಹಾಕಿತು. ಮುನಿರತ್ನಳಿಗೆ ಫೋನ್ ಮಾಡಿ ಹೇಳಿದೆ.

"ತಾಯಿ ತಿಂತಾ ಐತಾ ಅಕ್ಕಾ?"

ಕೊಟ್ಟಿಗೆಯ ಕಡೆ ನೋಡಿದೆ. ಕೆಂಪಿ ನಾಲ್ಕೂ ಕಾಲೂರಿ ನಿಂತು ಒಂದು ಎಲೆಯನ್ನು ನಿಧಾನವಾಗಿ ಜಗಿಯುತ್ತಿತ್ತು.

"ತಿಂತಾ ಐತೆ ಕಣೇ" ಎಂದೆ.